ಸುಗ್ಗಿಯ ಅಂಗಳ, ಗ್ಯಾದರಿಂಗಿನ ಪರದೆ

ಹಾರವಾಡದ ಕಡೆಯ ಶಾಲೆಗಳ ಮೇಲೆ ಫಾಲ್ಗುಣ ಮಾಸದಲ್ಲಿ ಎರಡು ಪಂಚಾಂಗಗಳು ಒಟ್ಟಿಗೇ ಬಂದು ಎರಗುತ್ತವೆ. ಒಂದು ಶಿಕ್ಷಣ ಇಲಾಖೆಯದು. ಮಾರ್ಚ್ ಕೊನೆಗೆ ವಾರ್ಷಿಕ ಪರೀಕ್ಷೆ, ಏಪ್ರಿಲ್ 10ಕ್ಕೆ ಪಾಸು-ನಪಾಸು, ಮರುದಿನದಿಂದ ಬೇಸಿಗೆ ರಜೆ. ಇನ್ನೊಂದು ಊರಿನದು. ಹೋಳಿಗೆ ಕೆಲವು ದಿನ ಮೊದಲೇ ಸುಗ್ಗಿ ಕುಣಿತ, ಹುಣ್ಣಿಮೆಯ ಹೊತ್ತಿಗೆ ಹಗರಣ, ಗದ್ದೆ ಬಯಲಲ್ಲಿ ಆಟ ಮತ್ತು ನಾಟಕ, ರಜೆಯ ನಡುವೆ ಬಂಡಿ ಹಬ್ಬ. ಎರಡನೆಯ ಪಂಚಾಂಗ ಹಳೆಯದು, ಹಟವೂ ಅದಕ್ಕೇ ಹೆಚ್ಚು. ಗುಮಟೆ ವಾದ್ಯದ ಸದ್ದು ಕಿವಿಗೆ ಬಿದ್ದ ಮೇಲೂ ಮಗ್ಗಿ ಒಪ್ಪಿಸುತ್ತ ಕೂರುವ ಮಕ್ಕಳನ್ನು ಈ ದಂಡೆಯ ಯಾವ ಮಾಸ್ತರರೂ ಕಂಡಿರಲಿಕ್ಕಿಲ್ಲ. ಕೊನೆಗೆ ಶಾಲೆಯೇ ಊರಿನ ಪಂಚಾಂಗದೊಡನೆ ರಾಜಿ ಮಾಡಿಕೊಂಡಿತು. ಇಂದು ಪಾಲಕರು, ಮಕ್ಕಳು, ಶಿಕ್ಷಕರು ಕೂಡಿ ನಡೆಸುವ ವಸಂತದ ಕಾರ್ಯಕ್ರಮಗಳು ಬಹುಪಾಲು ಆ ರಾಜಿಯಿಂದ ಹುಟ್ಟಿದವು.

ಕಾರವಾರಕ್ಕೂ ಅಂಕೋಲೆಗೂ ನಡುವೆ, ಅವರ್ಸಾದ ಪಕ್ಕದಲ್ಲಿರುವ ಹಾರವಾಡ ಅಂಕೋಲಾ ತಾಲೂಕಿನ ಊರು. ಪಡುವಣಕ್ಕೆ ಕಡಲು, ಮೂಡಣಕ್ಕೆ ಗುಡ್ಡ, ನಡುವಿನ ಕಿರಿದಾದ ಪಟ್ಟಿಯಲ್ಲಿ ಗದ್ದೆ, ತೆಂಗು, ಹೆದ್ದಾರಿ, ರೈಲು ಹಳಿ. ಮೀನುಗಾರರು, ಕೋಮಾರಪಂತರು, ನಾಡವರು, ಹಾಲಕ್ಕಿ ಒಕ್ಕಲಿಗರು ಇರುವ ಸೀಮೆ ಇದು. ಮನೆಯಲ್ಲಿ ಕೊಂಕಣಿ, ಶಾಲೆಯಲ್ಲಿ ಕನ್ನಡ ಎನ್ನುವ ಮಕ್ಕಳು ಇಲ್ಲಿ ಕಡಿಮೆಯಿಲ್ಲ. ಉತ್ತರ ಕನ್ನಡ 1862ರಲ್ಲಿ ಮದ್ರಾಸ್ ಆಡಳಿತ ಬಿಟ್ಟು ಮುಂಬೈ ಇಲಾಖೆಗೆ ಸೇರಿತು, ಕಾರವಾರ ಜಿಲ್ಲಾ ಕೇಂದ್ರವಾಯಿತು. ಅಲ್ಲಿಂದ 1956ರ ನವೆಂಬರ್ 1ರವರೆಗೆ, ಸುಮಾರು ತೊಂಬತ್ತೈದು ವರ್ಷ, ಇಲ್ಲಿನ ಶಾಲೆಗಳ ಪಠ್ಯ, ಪರೀಕ್ಷೆ, ಸಾಹೇಬರ ತಪಾಸಣೆ ಎಲ್ಲವೂ ಮುಂಬೈ ಪದ್ಧತಿಯಲ್ಲಿ ನಡೆದವು. ಶಾಲೆಯ ವಸಂತೋತ್ಸವಕ್ಕೆ ಮುಂಬೈಯ ಅಚ್ಚು ಬಿದ್ದದ್ದೂ ಹಾಗೆ.

ಶಾಲೆಗಿಂತ ಮೊದಲು ಸುಗ್ಗಿ. ಭತ್ತ ಒಕ್ಕಿ ಕಣಜ ಸೇರಿದ ಮೇಲೆ ಹಾಲಕ್ಕಿ ಗಂಡಸರು ತುರಾಯಿ ಕಟ್ಟುತ್ತಾರೆ. ಬೆಂಡಿನ ಹೂವು, ಬಣ್ಣದ ಕಾಗದ, ಹಕ್ಕಿಗಳ ಆಕಾರ, ನವಿಲುಗರಿ ಸೇರಿಸಿ ತಲೆಯ ಮೇಲೆ ಎದ್ದು ನಿಲ್ಲುವಂತೆ ಮಾಡುವ ಆ ಶಿರೋಭೂಷಣ ಹೊತ್ತು ಕುಣಿಯುವುದು ಹಗುರ ಕೆಲಸವಲ್ಲ. ಊರ ಗೌಡ, ಬುಧವಂತ, ಕೋಲಕಾರ ಎಂಬ ಹಿರಿಯರ ಮಾತಿಗೆ ತಂಡ ನಡೆಯುತ್ತದೆ. ಯಾವ ದಿನ ಹೊರಡಬೇಕು, ಯಾವ ದೇವರಿಗೆ ಮೊದಲು ಕೈಮುಗಿಯಬೇಕು, ಯಾರ ಅಂಗಳಕ್ಕೆ ಯಾವಾಗ ಹೋಗಬೇಕು ಎಂಬುದಕ್ಕೆಲ್ಲ ಕಟ್ಟಳೆ ಇದೆ. ಮನೆಯವರು ಅಕ್ಕಿ, ತೆಂಗಿನಕಾಯಿ, ದುಡ್ಡು ಕೊಟ್ಟು ತಂಡವನ್ನು ಗೌರವಿಸಿ ಕಳಿಸುತ್ತಾರೆ. ಅಂಕೋಲೆ ಪೇಟೆಗೆ ಬರುವ ಬೆಳಂಬಾರದ ಸುಗ್ಗಿ ಇವುಗಳಲ್ಲಿ ಹೆಸರುವಾಸಿ. ಅದು ತಹಶೀಲ್ದಾರ ಕಚೇರಿಯ ಮುಂದೆಯೂ ಕುಣಿದು ಬರುವ ವಾಡಿಕೆ ಉಂಟು. ಸರಕಾರದ ಅಂಗಳವೂ ಊರಿನ ಅಂಗಳಗಳಲ್ಲಿ ಒಂದು ಎಂಬ ಲೆಕ್ಕ ಅದು.

ಹಾಲಕ್ಕಿಗಳ ಬದುಕನ್ನು ಬ್ರಿಟಿಷ್ ಅಧಿಕಾರಿಗಳೂ ಬರೆದಿಟ್ಟಿದ್ದಾರೆ. ಮುಂಬೈ ಸರಕಾರ 1883ರಲ್ಲಿ ಪ್ರಕಟಿಸಿದ ಕೆನರಾ ಗೆಜೆಟಿಯರ್‌ನ ಪುಟಗಳಲ್ಲಿ ಅವರ ಉಡುಗೆ, ಬೇಸಾಯ, ಆಚರಣೆಗಳ ವಿವರವಿದೆ. ಹೊನ್ನಾವರದ ಎನ್. ಆರ್. ನಾಯಕ, ಶಾಂತಿ ನಾಯಕ ದಂಪತಿ ಮತ್ತು ಕುಮಟೆಯ ಎಲ್. ಆರ್. ಹೆಗಡೆಯವರಂಥ ಜಾನಪದ ವಿದ್ವಾಂಸರು ಈ ಕರಾವಳಿಯ ಹಾಡು-ಕಥೆಗಳನ್ನು ಕನ್ನಡದಲ್ಲಿ ದಾಖಲಿಸುವ ಹೊತ್ತಿಗೆ ಇಪ್ಪತ್ತನೆಯ ಶತಮಾನ ಅರ್ಧ ಕಳೆದಿತ್ತು. ಕುಣಿಯುವವರಿಗೆ ಇದಾವುದರ ಚಿಂತೆಯೂ ಇರಲಿಲ್ಲವೆನ್ನಿ.

ಸುಗ್ಗಿಯ ಬೆನ್ನಿಗೇ ಹಗರಣ ಬರುತ್ತದೆ. ಮಕ್ಕಳಿಗಂತೂ ಅದೇ ಹೆಚ್ಚು ಇಷ್ಟ. ವೇಷ ಹಾಕಿ ಬೀದಿಗಿಳಿದವರು ಸಾಹುಕಾರನನ್ನು, ಸಾಹೇಬನನ್ನು, ಪೊಲೀಸನನ್ನು, ವೈದ್ಯನನ್ನು, ಆ ವರ್ಷದ ರಾಜಕಾರಣಿಯನ್ನು ಅಣಕಿಸುತ್ತಾರೆ. ವರ್ಷವಿಡೀ ಯಾರೆದುರು ತಲೆ ತಗ್ಗಿಸಿ ನಿಂತಿದ್ದರೋ ಅವರ ನಡಿಗೆಯನ್ನೇ ಅವರ ಮುಂದೆ ನಡೆದು ತೋರಿಸಲು ಹೋಳಿ ಪರವಾನಗಿ ಕೊಡುತ್ತದೆ. ಒಡೆಯರೂ ನಗಲೇಬೇಕು, ಸಿಟ್ಟು ಮಾಡಿಕೊಂಡರೆ ಮಾನ ಹೋಗುತ್ತದೆ.

ಇಷ್ಟೆಲ್ಲ ಚೆಂದವಿದ್ದರೂ ಸುಗ್ಗಿಗೆ ತನ್ನದೇ ಬೇಲಿಗಳಿದ್ದವು. ಹಾಲಕ್ಕಿಗಳ ಸುಗ್ಗಿ ಹಾಲಕ್ಕಿಗಳದು, ಕೋಮಾರಪಂತರ ಸುಗ್ಗಿ ಕೋಮಾರಪಂತರದು. ತಂಡ ಎಲ್ಲರ ಅಂಗಳಕ್ಕೂ ಹೋದೀತು, ಆದರೆ ಎಲ್ಲರೂ ತಂಡದಲ್ಲಿ ಸೇರುವಂತಿಲ್ಲ. ಕುಣಿಯುವವರು ಗಂಡಸರು ಮಾತ್ರ. ಹಾಲಕ್ಕಿ ಹೆಂಗಸರಿಗೆ ತಾರ್ಲೆ ಕುಣಿತ, ಹಾಡು ಬೇರೆ ಇದ್ದವು. ನೋಡುವವರು ಕೂರುವ ಜಾಗವನ್ನೂ ಜಾತಿಯೇ ಗೊತ್ತು ಮಾಡುತ್ತಿತ್ತು. ಶಾಲೆ ಈ ವಸಂತಕ್ಕೆ ಹೊಸದಾಗಿ ಸೇರಿಸಿದ್ದು ಏನು ಎಂದು ಕೇಳಿದರೆ ಉತ್ತರ ಇಲ್ಲಿಯೇ ಸಿಗುತ್ತದೆ.

ಆದರೆ ಶಾಲೆ ತಾನಾಗಿ ಎಲ್ಲರದೂ ಆಗಲಿಲ್ಲ. 1856ರಲ್ಲಿ ಧಾರವಾಡದ ಸರಕಾರಿ ಶಾಲೆ ಮಹಾರ್ ಸಮುದಾಯದ ಹುಡುಗನೊಬ್ಬನಿಗೆ ಪ್ರವೇಶ ನಿರಾಕರಿಸಿತು. ಮುಂಬೈ ಸರಕಾರವೂ ಶಾಲೆಯ ಪರವಾಗಿಯೇ ನಿಂತಿತು. ಅರ್ಜಿ ಕಲ್ಕತ್ತೆ ದಾಟಿ ಲಂಡನ್ನಿನವರೆಗೆ ಹೋದ ಮೇಲೆ, ಸರಕಾರಿ ಶಾಲೆಗಳು ಎಲ್ಲ ಜಾತಿಯವರಿಗೂ ತೆರೆದಿರಬೇಕು ಎಂಬ ನಿಲುವು ಕಾಗದದ ಮೇಲೆ ಬಂತು. ಕಾಗದದಿಂದ ಜಗುಲಿಗೆ, ಜಗುಲಿಯಿಂದ ಒಳಗಿನ ಮಣೆಗೆ ಅದು ಇಳಿಯಲು ಇನ್ನೂ ಕೆಲವು ತಲೆಮಾರು ಬೇಕಾದವು. ಮುಂಬೈ ಪ್ರಾಥಮಿಕ ಶಿಕ್ಷಣ ಕಾಯ್ದೆ 1923ರಲ್ಲಿ ಶಾಲೆಗಳ ಆಡಳಿತವನ್ನು ಸ್ಥಳೀಯ ಸಂಸ್ಥೆಗಳಿಗೆ ಒಪ್ಪಿಸಿತು. ಇನ್ನು ಶಾಲೆಯೆಂದರೆ ದೂರದ ಸರಕಾರವಷ್ಟೇ ಅಲ್ಲ, ಊರ ಪ್ರಮುಖರ ಜವಾಬ್ದಾರಿಯೂ ಹೌದು ಎಂಬಂತಾಯಿತು. ಗಾಂಧೀಜಿ 1934ರಲ್ಲಿ ಹರಿಜನ ಯಾತ್ರೆಗಾಗಿ ಕಾರವಾರ, ಅಂಕೋಲೆಗಳಿಗೆ ಬಂದುಹೋದದ್ದೂ ಈ ಬದಲಾವಣೆಯ ನಡುವೆಯೇ.

ವರ್ಷಕ್ಕೊಮ್ಮೆ ಶಾಲೆ ಪಾಲಕರನ್ನು ಕರೆದು ಬಹುಮಾನ ಹಂಚುವ ಪದ್ಧತಿ ಮುಂಬೈ ಪ್ರಾಂತದ ಪ್ರೌಢಶಾಲೆ, ಕಾಲೇಜುಗಳಿಂದ ಹಳ್ಳಿಗೆ ಇಳಿದು ಬಂದದ್ದು. ಆಮಂತ್ರಣ ಪತ್ರಿಕೆಯಲ್ಲಿ ‘ವಾರ್ಷಿಕ ಸ್ನೇಹ ಸಮ್ಮೇಳನ’ ಎಂದು ಅಚ್ಚಾದರೂ ಊರ ಬಾಯಲ್ಲಿ ಅದು ಗ್ಯಾದರಿಂಗು. ಚಳಿಗಾಲದ ಕೊನೆಯಿಂದ ಪರೀಕ್ಷೆಯ ಮುಂಚಿನವರೆಗೆ, ಗದ್ದೆ ಖಾಲಿ ಇರುವ ತಿಂಗಳುಗಳೇ ಅದಕ್ಕೆ ಅನುಕೂಲ. ಮಳೆಯ ಭಯವಿಲ್ಲ, ಕೊಯ್ಲಿನ ಅವಸರವಿಲ್ಲ, ಶೇಂಗಾ-ತರಕಾರಿ ಹಾಕಿದ ಗದ್ದೆ ಬಿಟ್ಟು ಉಳಿದ ಬಯಲೆಲ್ಲ ಆಸನವೇ. ಶಾಲೆಯ ಬೆಂಚುಗಳನ್ನು ಜೋಡಿಸಿದರೆ ರಂಗಸ್ಥಳ, ತೆಂಗಿನ ಮಡಲು ಹೊದಿಸಿದರೆ ಚಪ್ಪರ, ಮನೆಗಳಿಂದ ತಂದ ಸೀರೆಗಳೇ ಪರದೆ. ವಿದ್ಯುತ್ ಬರುವ ಮೊದಲು ಗ್ಯಾಸ್‌ಲೈಟಿನ ಸುತ್ತ ಹುಳ ಮುತ್ತುತ್ತಿದ್ದವು. ನಾಟಕದ ನಡುವೆ ಗಾಳಿ ಹಾಕಲು ಯಾರಾದರೊಬ್ಬರು ರಂಗಕ್ಕೆ ಏರಲೇಬೇಕು, ರಾಜನಿದ್ದರೂ ಸರಿ, ರಾಕ್ಷಸನಿದ್ದರೂ ಸರಿ.

ಇಲ್ಲಿ ಚಾಪೆಗೆ ಜಾತಿ ಇರಲಿಲ್ಲ, ಅಥವಾ ಇರಬಾರದು ಎಂದು ಮಾಸ್ತರರು ಹೇಳಬಹುದಿತ್ತು. ಕೋಮಾರಪಂತರ ಹುಡುಗ ರಾಮನಾದರೆ ಮೀನುಗಾರರ ಹುಡುಗ ಲಕ್ಷ್ಮಣ, ಹಾಲಕ್ಕಿ ಹುಡುಗ ಹನುಮಂತ. ಬಹುಮಾನದ ಸಾಲಿನಲ್ಲಿ ಹೆಸರು ಕರೆದಾಗ ಎಲ್ಲ ಅಪ್ಪ-ಅಮ್ಮಂದಿರೂ ಒಂದೇ ಬಗೆಯಲ್ಲಿ ಕತ್ತು ಉದ್ದ ಮಾಡುವರು. ಇನ್ನೂ ದೊಡ್ಡ ಬದಲಾವಣೆ ಹೆಣ್ಣುಮಕ್ಕಳದು. ಊರ ನಾಟಕಗಳಲ್ಲಿ ಸ್ತ್ರೀಪಾತ್ರವನ್ನು ಗಂಡಸರೇ ಮಾಡುತ್ತಿದ್ದರು, ಆಮೇಲೆ ಹೊರಗಿನ ಕಂಪನಿಗಳಿಂದ ನಟಿಯರನ್ನು ಕರೆಸುವ ರೂಢಿ ಬಂತು. ತಮ್ಮೂರ ಹುಡುಗಿಯೊಬ್ಬಳು ಪರದೆ ಸರಿಸಿ ತಮ್ಮೆದುರು ನಿಂತು ಮಾತಾಡಿದ್ದನ್ನು ಎಷ್ಟೋ ಹಳ್ಳಿಗಳು ಮೊದಲ ಬಾರಿ ನೋಡಿದ್ದು ಗ್ಯಾದರಿಂಗಿನಲ್ಲೇ ಇರಬೇಕು. ಅಕ್ಕೋರು, ಅಂದರೆ ಶಿಕ್ಷಕಿಯರು, ನೇಮಕವಾಗಿ ಬಂದ ಶಾಲೆಗಳಲ್ಲಿ ಇದು ಬೇಗ ಆಯಿತು.

ಗ್ಯಾದರಿಂಗಿನ ಒಂದು ಅಂಗದ ಹೆಸರು ಫಿಶ್ ಪಾಂಡ್. ಮೀನೂರಿನ ಮಕ್ಕಳಿಗೆ ಈ ಹೆಸರೇ ಒಂದು ತಮಾಷೆ. ಹೆಸರು ಬರೆಯದೆ ಚೀಟಿಯಲ್ಲಿ ಕೀಟಲೆಯ ಸಾಲು ಬರೆದು ಡಬ್ಬಿಗೆ ಹಾಕುವುದು, ಅದನ್ನು ಎಲ್ಲರೆದುರು ಓದುವುದು, ಯಾರ ಬಗೆಗೆ ಬರೆದಿದೆಯೋ ಅವರು ಎದ್ದು ಬಂದು ಸ್ವೀಕರಿಸುವುದು. ಹೆಡ್‌ಮಾಸ್ತರರೂ ಇದರಿಂದ ಪಾರಾಗುತ್ತಿರಲಿಲ್ಲ. ಮುಂಬೈ, ಪುಣೆ, ಧಾರವಾಡದ ಕಾಲೇಜುಗಳ ಈ ಆಟ ಅಂಕೋಲೆ ಸೀಮೆಯಲ್ಲಿ ಸಲೀಸಾಗಿ ಬೇರು ಬಿಟ್ಟದ್ದಕ್ಕೆ ಕಾರಣ ಹುಡುಕಲು ದೂರ ಹೋಗಬೇಕಿಲ್ಲ. ಹಗರಣ ಕಂಡ ಮಕ್ಕಳಿಗೆ ದೊಡ್ಡವರನ್ನು ಒಂದು ದಿನದ ಮಟ್ಟಿಗೆ ಅಣಕಿಸುವ ಹಕ್ಕು ಹೊಸದೇನೂ ಆಗಿರಲಿಲ್ಲ.

ದುಡ್ಡಿನ ಕಥೆಯೂ ಇದೇ ಋತುವಿನದು. ಶಾಲೆಗೆ ಹಂಚು ಹೊದಿಸಬೇಕು, ಇನ್ನೊಂದು ಕೋಣೆ ಕಟ್ಟಬೇಕು ಎಂದರೆ ಕರಾವಳಿಯ ಹಳ್ಳಿಗಳು ಬೇಸಿಗೆಯಲ್ಲಿ ‘ಸಹಾಯಾರ್ಥ’ ಯಕ್ಷಗಾನ ಆಟವಾಡಿಸುತ್ತಿದ್ದವು. ಯಕ್ಷಗಾನ ಮೇಳಗಳ ತಿರುಗಾಟ ಮಳೆ ಮುಗಿದ ಮೇಲೆ ಶುರುವಾಗಿ ಮೇ ತಿಂಗಳ ಹೊತ್ತಿಗೆ ಮುಗಿಯುತ್ತದೆ. ಇಡಗುಂಜಿಯ ಕೆರೆಮನೆ ಮೇಳವನ್ನು ಶಿವರಾಮ ಹೆಗಡೆಯವರು 1934ರಲ್ಲಿ ಕಟ್ಟಿದ ಜಿಲ್ಲೆ ಇದು. ಒಳ್ಳೆಯ ಆಟ ಯಾವುದು ಎಂದು ಜನರಿಗೆ ಹೇಳಿಕೊಡಬೇಕಾಗಿರಲಿಲ್ಲ. ಡೇರೆ ಮೇಳಗಳು ಬಂದ ಮೇಲೆ ಮೇಳಕ್ಕೆ ಗೊತ್ತಾದ ಹಣ ಕೊಟ್ಟು, ಟಿಕೆಟ್ ಮಾರಿ, ಉಳಿದದ್ದನ್ನು ಶಾಲೆಗೆ ಕಟ್ಟುವ ಲೆಕ್ಕಾಚಾರ ರೂಢಿಯಾಯಿತು. ಆಟ ನಷ್ಟವಾದರೆ ಸಮಿತಿಯವರು ತಮ್ಮ ಕೈಯಿಂದ ತುಂಬಬೇಕು. ಪಾಲಕರ ಸಮಿತಿ ಎಂಬ ಹೆಸರು ಆದೇಶದಲ್ಲಿ ಬರುವುದಕ್ಕೆ ಎಷ್ಟೋ ವರ್ಷ ಮೊದಲೇ ಅದರ ಕೆಲಸ ನಡೆದಿತ್ತು.

ಈ ತಾಲೂಕಿನ ವಸಂತಕ್ಕೆ ರಾಜಕೀಯದ ಉಪ್ಪೂ ಬಿದ್ದಿದೆ. ಹೋಳಿ ಕಳೆದು ಸರಿಯಾಗಿ ತಿಂಗಳಾಗುವ ಹೊತ್ತಿಗೆ, 1930ರ ಏಪ್ರಿಲ್ 13ರಂದು, ಅಂಕೋಲೆಯಲ್ಲಿ ಎಂ. ಪಿ. ನಾಡಕರ್ಣಿಯವರ ಮುಂದಾಳ್ತನದಲ್ಲಿ ಜನ ಉಪ್ಪಿನ ಕಾಯ್ದೆ ಮುರಿದರು. ಬಿಸಿಲು ಏರಿದಾಗಲೇ ಉಪ್ಪು ಕೂಡುವುದರಿಂದ ಸತ್ಯಾಗ್ರಹವೂ ಬೇಸಿಗೆಯ ಬೆಳೆಯೇ. ಮುಂದಿನ ವರ್ಷಗಳ ಕರನಿರಾಕರಣೆಯಲ್ಲಿ ಅಂಕೋಲೆ, ಸಿದ್ದಾಪುರ ತಾಲೂಕುಗಳ ರೈತರು ಭೂಮಿ ಕಳೆದುಕೊಂಡರು. ಅಂಕೋಲೆಗೆ ಕರ್ನಾಟಕದ ಬಾರ್ಡೋಲಿ ಎಂಬ ಹೆಸರು ಬಂದದ್ದು ಹಾಗೆ.

ಅದೇ ಅಂಕೋಲೆಯ ದಿನಕರ ದೇಸಾಯಿ ಕಥೆ ಇಲ್ಲಿ ಸ್ವಲ್ಪ ನಿಂತು ಹೇಳಬೇಕಾದದ್ದು. 1909ರಲ್ಲಿ ಹುಟ್ಟಿದ ಅವರನ್ನು ನಾಡು ಚುಟುಕು ಬ್ರಹ್ಮನೆಂದು ನೆನೆಯುತ್ತದೆ. ಜಿಲ್ಲೆಯ ಗೇಣಿದಾರರಿಗೆ ಅವರು ರೈತ ಚಳವಳಿಯ ದೇಸಾಯಿ. ಗೇಣಿದಾರರನ್ನು ಸಂಘಟಿಸಿದ್ದಕ್ಕೆ 1940ರಲ್ಲಿ ಬ್ರಿಟಿಷ್ ಸರಕಾರ ಅವರನ್ನು ಜಿಲ್ಲೆಯಿಂದ ಐದು ವರ್ಷ ಗಡಿಪಾರು ಮಾಡಿತು. ತಿರುಗಿ ಬಂದವರಿಗೆ ಒಂದು ಸಂಗತಿ ಖಚಿತವಾಗಿತ್ತು: ಭೂಮಿಯ ಹಕ್ಕು ಸಿಕ್ಕರೂ ಅಕ್ಷರವಿಲ್ಲದಿದ್ದರೆ ಒಕ್ಕಲು ಮಕ್ಕಳು ಮತ್ತೆ ಯಾರದೋ ಜಗುಲಿಯ ಕೆಳಗೆ ನಿಲ್ಲುತ್ತಾರೆ. 1953ರಲ್ಲಿ ಸ್ಥಾಪಿಸಿದ ಕೆನರಾ ವೆಲ್ಫೇರ್ ಟ್ರಸ್ಟ್ ಮೂಲಕ ಅವರು ಜಿಲ್ಲೆಯ ಹಳ್ಳಿಗಳಲ್ಲಿ ಜನತಾ ವಿದ್ಯಾಲಯಗಳನ್ನು ತೆರೆದರು, 1966ರಲ್ಲಿ ಅಂಕೋಲೆಗೆ ಗೋಖಲೆ ಸೆಂಟಿನರಿ ಕಾಲೇಜು ಬಂತು. ಮರುವರ್ಷ ಅವರು ಲೋಕಸಭೆಗೆ ಆಯ್ಕೆಯಾದರು. ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆಗೇ ಓದು ಮುಗಿಸುತ್ತಿದ್ದ ಮಕ್ಕಳು ಹೈಸ್ಕೂಲು ಹತ್ತಿದ್ದರಿಂದ ಹೈಸ್ಕೂಲಿನ ಗ್ಯಾದರಿಂಗೂ ಹಳ್ಳಿಯ ಹಬ್ಬವಾಯಿತು. ಹದಿನಾರು ದಾಟದ ಹುಡುಗರು ಪೂರ್ಣ ರಾತ್ರಿಯ ನಾಟಕ ಆಡಬಲ್ಲರು ಎಂಬುದು ಪ್ರಾಥಮಿಕ ಶಾಲೆ ಮಾತ್ರ ಇದ್ದಾಗ ಊರಿಗೆ ಗೊತ್ತಿರಲಿಲ್ಲ.

1980ರ ದಶಕದ ನಂತರ ಹಾರವಾಡದ ಸುತ್ತ ನಡೆದದ್ದು ಬೇರೆಯೇ ಬಗೆಯ ಸ್ಥಳಾಂತರ. ರಾಜೀವ್ ಗಾಂಧಿ 1986ರ ಅಕ್ಟೋಬರಿನಲ್ಲಿ ಕಾರವಾರದ ಸೀಬರ್ಡ್ ನೌಕಾನೆಲೆಗೆ ಅಡಿಗಲ್ಲು ಹಾಕಿದರು. ಅರ್ಗಾ ಮೊದಲಾದ ಕಡಲಂಚಿನ ಊರುಗಳು ತೆರವಾದವು. 13 ಹಳ್ಳಿಗಳ ನಾಲ್ಕು ಸಾವಿರಕ್ಕೂ ಹೆಚ್ಚು ಕುಟುಂಬಗಳು ಮನೆ ಬಿಟ್ಟವು. 2005ರ ಮೇ ತಿಂಗಳಲ್ಲಿ ಆ ನೆಲೆ ಐಎನ್‌ಎಸ್ ಕದಂಬ ಎಂಬ ಹೆಸರಿನಲ್ಲಿ ನೌಕಾಪಡೆಗೆ ಸೇರಿತು. ನಿರಾಶ್ರಿತರಿಗಾಗಿ ತೋಡೂರು, ಮುದಗಾ, ಹಾರವಾಡಗಳಲ್ಲಿ ಕಾಲೊನಿಗಳೆದ್ದವು. ಮನೆಗೆ ಪರಿಹಾರ ಬರೆಯಬಹುದು, ತೆಂಗಿನ ಮರಕ್ಕೂ ಬರೆಯಬಹುದು. ಸುಗ್ಗಿ ತಂಡ ತಲೆಮಾರುಗಳಿಂದ ನಡೆದ ದಾರಿಗೆ, ಕುಣಿದ ಅಂಗಳಗಳ ಸಾಲಿಗೆ ಪರಿಹಾರದ ಕಾಲಮ್ಮು ಯಾವ ಅರ್ಜಿಯಲ್ಲೂ ಇರುವುದಿಲ್ಲ. ಬೇರೆ ಬೇರೆ ಊರಿನ ಜನ ಒಂದೇ ಕಾಲೊನಿಯಲ್ಲಿ ನೆಲೆಸಿದಾಗ ಅವರೆಲ್ಲರ ಮಕ್ಕಳು ದಿನವೂ ಸೇರುವ ಜಾಗವೆಂದರೆ ಶಾಲೆ. ಅಪರಿಚಿತರು ನೆರೆಯವರಾದದ್ದರಲ್ಲಿ ಶಾಲೆಯ ಚಪ್ಪರಕ್ಕೆ ದೊಡ್ಡ ಪಾಲು ಸಲ್ಲಬೇಕು.

ಇದರ ನಡುವೆಯೇ 1998ರ ಜನವರಿ 26ರಂದು ಕೊಂಕಣ ರೈಲು ಪೂರ್ಣ ಮಾರ್ಗದಲ್ಲಿ ಓಡತೊಡಗಿತು. ಮುಂಬೈಯಲ್ಲಿ ದುಡಿಯುವ ಈ ಕಡೆಯವರಿಗೆ ಬೇಸಿಗೆಯಲ್ಲಿ ಊರಿಗೆ ಬರುವುದು ಸುಲಭವಾಯಿತು. ಅವರು ಬರುವುದು ಬಂಡಿ ಹಬ್ಬಕ್ಕೆ. ಅಂಕೋಲೆಯ ಭೂಮ್ತಾಯಿ ಶಾಂತಾದುರ್ಗೆಯ ಬಂಡಿ ಹಬ್ಬ ವೈಶಾಖ ಹುಣ್ಣಿಮೆಗೆ, ಅಂದರೆ ಶಾಲೆಗೆ ರಜೆ ಇರುವಾಗಲೇ ಬರುತ್ತದೆ. ಕರಿ ಇಶಾಡ ಮಾವು ಹಣ್ಣಾಗುವ ಕಾಲವೂ ಅದೇ; 2023ರಲ್ಲಿ ಅಂಕೋಲೆಯ ಈ ಹಣ್ಣಿಗೆ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿದೆ. ಹಳೆ ವಿದ್ಯಾರ್ಥಿಗಳ ಕೂಟ, ಶಾಲೆಯ ಶತಮಾನೋತ್ಸವದ ಪೂರ್ವಭಾವಿ ಸಭೆ, ದೇಣಿಗೆಯ ಮಾತು ಇವೆಲ್ಲ ಈಗ ಮೇ ತಿಂಗಳಿಗೆ ಜಾರಿದ್ದಕ್ಕೆ ಊರಿಗೆ ಬಂದ ಈ ಮುಂಬೈಕರರೇ ಕಾರಣ.

ಸರಕಾರ ಈ ಕೂಡಾಟಕ್ಕೆ ಹೆಸರಿಟ್ಟು ಕಡತ ತೆರೆದದ್ದು ಈಚೆಗೆ. 2001ರ ಆದೇಶದಿಂದ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳು ಬಂದವು. ಪಾಲಕರೇ ಅವುಗಳಲ್ಲಿ ಹೆಚ್ಚಿನ ಸದಸ್ಯರು. ‘ಸಮುದಾಯದತ್ತ ಶಾಲೆ’ ಕಾರ್ಯಕ್ರಮದಲ್ಲಿ ಮಕ್ಕಳ ಕಲಿಕೆಯನ್ನು ಪಾಲಕರ ಮುಂದಿಡಲಾಯಿತು, 2023ರಲ್ಲಿ ಕಲಿಕಾ ಹಬ್ಬಗಳು ನಡೆದವು. ಮಕ್ಕಳು ಮನೆಯ ಬಸಳೆ, ಹರಿವೆ ತಂದು ಮಾರುವ ಮಕ್ಕಳ ಸಂತೆ, ತಾಯಂದಿರಿಗೆ ಸಂಗೀತ ಖುರ್ಚಿ, ಅಪ್ಪಂದಿರಿಗೆ ಹಗ್ಗಜಗ್ಗಾಟ, ಏಳನೆಯವರಿಗೆ ಸೆಂಡಾಫ್ ಎಲ್ಲವೂ ಸೇರಿ ಫೆಬ್ರವರಿ-ಮಾರ್ಚ್ ತುಂಬಿಹೋಗುತ್ತವೆ. 2020ರ ಮಾರ್ಚಿನಲ್ಲಿ ಕೊರೊನಾ ಬಂದು ಶಾಲೆ ಮುಚ್ಚಿದಾಗ ಪರೀಕ್ಷೆ ತಪ್ಪಿದ ಖುಷಿಯಲ್ಲಿದ್ದ ಚಿಕ್ಕ ಮಕ್ಕಳಿಗೆ, ಆಟ-ನಾಟಕವೂ ತಪ್ಪಿದೆ ಎಂದು ತಿಳಿಯಲು ಹೆಚ್ಚು ದಿನ ಬೇಕಾಗಲಿಲ್ಲ.

ಈಗಿನ ಶಾಲಾ ರಂಗದಲ್ಲಿ ಸುಗ್ಗಿಯೇ ಒಂದು ಐಟಮ್ಮು. ಬೆಂಡಿನ ಜಾಗದಲ್ಲಿ ಥರ್ಮೋಕೋಲಿನ ತುರಾಯಿ, ಐದು ನಿಮಿಷದ ಕುಣಿತ, ಮೊಬೈಲುಗಳ ಸಾಲು. ಎಲ್ಲ ಜಾತಿಯ ಹುಡುಗ-ಹುಡುಗಿಯರೂ ಅದನ್ನು ಕಟ್ಟುತ್ತಾರೆ ಎಂಬುದು ಸಣ್ಣ ಮಾತಲ್ಲ. ಹಳೆಯ ಬೇಲಿ ಮುರಿದದ್ದು ಇಲ್ಲಿಯೇ. ಕಟ್ಟಳೆ, ಹಾಡಿನ ಉದ್ದ, ದೇವರ ಕೆಲಸ ಬಿಟ್ಟುಹೋಗಿವೆ ಎಂಬುದೂ ನಿಜ. ಗುಮಟೆಯ ವಿಷಯ ಬೇರೆ. ಮಣ್ಣಿನ ಮಡಕೆಯ ಬಾಯಿಗೆ ಉಡದ ಚರ್ಮ ಬಿಗಿದು ಮಾಡುತ್ತಿದ್ದ ಈ ವಾದ್ಯಕ್ಕೆ 1972ರ ವನ್ಯಜೀವಿ ಕಾಯ್ದೆ ಅಡ್ಡ ಬಂತು. ನೆರೆಯ ಗೋವಾ ಆಡಿನ ಚರ್ಮದ ಗುಮಟೆಯನ್ನು 2019ರಲ್ಲಿ ತನ್ನ ಪಾರಂಪರಿಕ ವಾದ್ಯವೆಂದು ಘೋಷಿಸಿ ದಾರಿ ತೋರಿಸಿದೆ. ಕಾರವಾರ, ಅಂಕೋಲೆಯ ಶಾಲೆಗಳೂ ಆ ದಾರಿ ಹಿಡಿದು ಮಕ್ಕಳಿಗೆ ಗುಮಟೆ ಬಾರಿಸಲು ಕಲಿಸಿದರೆ ಕಾನೂನಿಗೂ ಕಲೆಗೂ ಭಂಗವಿಲ್ಲ.

ಕಲಿಸುವ ಹಿರಿಯರು ಒಬ್ಬೊಬ್ಬರಾಗಿ ಹೋಗುತ್ತಿದ್ದಾರೆ. ಅಂಕೋಲೆಯ ಬಡಗೇರಿಯ ಸುಕ್ರಿ ಬೊಮ್ಮಗೌಡ ಶಾಲೆ ಕಲಿಯದವರು. ನೂರಾರು ಹಾಡುಗಳನ್ನು ನೆನಪಿನಲ್ಲಿಟ್ಟುಕೊಂಡು 2017ರಲ್ಲಿ ಪದ್ಮಶ್ರೀ ಪಡೆದರು, 2025ರ ಫೆಬ್ರವರಿಯಲ್ಲಿ ತೀರಿಕೊಂಡರು.  ಸುಕ್ರಜ್ಜಿಯ ಹಾಡುಗಳನ್ನು ವಿದ್ವಾಂಸರು ಬರೆದುಕೊಂಡಿದ್ದಾರೆ, ಮುದ್ರಿಸಿಕೊಂಡಿದ್ದಾರೆ. ಶಾಲೆಗಳ ಗ್ಯಾದರಿಂಗಿಗೆ ಅಂಥ ಭಾಗ್ಯ ಬಂದಿಲ್ಲ. ಅದರ ಇತಿಹಾಸ ಆಮಂತ್ರಣ ಪತ್ರಿಕೆ, ನಾಟಕದ ಕರಪತ್ರ, ಸಹಾಯಾರ್ಥ ಆಟದ ರಸೀದಿ ಪುಸ್ತಕ, ಕಪ್ಪು-ಬಿಳುಪು ಗುಂಪು ಫೋಟೋಗಳಲ್ಲಿ ಚದುರಿಹೋಗಿದೆ. ಮಳೆಗಾಲದ ತೇವಕ್ಕೆ ಇವು ಬಹಳ ಕಾಲ ತಾಳುವುದಿಲ್ಲ. ಹಾರವಾಡ, ಅವರ್ಸಾ, ಅಮದಳ್ಳಿ, ಅಂಕೋಲೆ ಕಡೆಯ ಮನೆಗಳ ಟ್ರಂಕಿನಲ್ಲಿ ಅಂಥದ್ದೊಂದು ಕಾಗದ ಇರುವವರು ಈ ರಜೆಯಲ್ಲಿ ಅದರ ಪ್ರತಿ ತೆಗೆಸಿ, ವೇಷದಲ್ಲಿರುವವರ ಹೆಸರು ಗೊತ್ತಿದ್ದಷ್ಟು ಹಿಂದೆ ಬರೆದು, ರಜೆ ಮುಗಿದು ಬಾಗಿಲು ತೆರೆದಾಗ ಶಾಲೆಗೆ ಕೊಟ್ಟು ಬರಬೇಕು.